ಬಂಡೀಪಾಳ್ಯದ ಬಾಡಿಗೆಗೆ ಕರೆಂಟ್ ಗೂಡ್ಸ್ ಆಟೊ: ಟ್ರಿಯೊ ಜೋರ್ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಮೈಸೂರಿನ ಬಂಡೀಪಾಳ್ಯ ಎಪಿಎಂಸಿಯಲ್ಲಿ ಬೆಳಿಗ್ಗೆ ಲೋಡ್ ಹಾಕಿಕೊಂಡು ದೇವರಾಜ ಮಾರುಕಟ್ಟೆ, ಸರಸ್ವತಿಪುರಂ, ಕುವೆಂಪುನಗರದ ಅಂಗಡಿಗಳಿಗೆ ಇಳಿಸುವ ಗೂಡ್ಸ್ ಆಟೊ ನಾಲ್ಕು ಟ್ರಿಪ್ ಹೊಡೆದರೂ 60 ಕಿ.ಮೀ. ದಾಟುವುದು ಕಷ್ಟ. ಅರ್ಧ ಹೊತ್ತು ಸಿಗ್ನಲ್‌ನಲ್ಲಿ, ಇನ್ನರ್ಧ ಹೊತ್ತು ಹಮಾಲರಿಗೆ ಕಾಯುವುದರಲ್ಲಿ ಹೋಗುತ್ತದೆ. ಮಹೀಂದ್ರ ಟ್ರಿಯೊ ಜೋರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಗಾಡಿ. ಅದನ್ನೇ ಮಂಡ್ಯ–ಮೈಸೂರು ದಿನವಹಿ ಓಡಾಟಕ್ಕೆ ಕೊಂಡರೆ ಮೊದಲ ವಾರದಲ್ಲೇ ತಪ್ಪು ಗೊತ್ತಾಗುತ್ತದೆ.

ಬ್ಯಾಟರಿ 7.37 ಕಿಲೋವಾಟ್ ಅವರ್, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 7.37 ಯೂನಿಟ್. 48 ವೋಲ್ಟ್, 8 ಕಿಲೋವಾಟ್ ಮೋಟರ್, ಗಂಟೆಗೆ 50 ಕಿ.ಮೀ. ವೇಗ, ಹೊರುವ ತೂಕ ಸುಮಾರು 550 ಕೆ.ಜಿ. ಪ್ರಮಾಣಪತ್ರದಲ್ಲಿರುವ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, 125 ಕಿ.ಮೀ. ಆದರೆ ಅದು ಪರೀಕ್ಷಾ ಕೊಠಡಿಯ ಅಂಕಿ. ರಸ್ತೆಯಲ್ಲಿ ಲೋಡ್ ಸಮೇತ 80 ಎಂದು ಹಿಡಿಯಿರಿ, ರೂಟ್ ಹಾಕುವಾಗ 65–70ಕ್ಕೇ ನಿಲ್ಲಿಸಿ. ಗೇರ್ ಇಲ್ಲ, ಕ್ಲಚ್ ಇಲ್ಲ. ಇಡೀ ದಿನ ಇರ್ವಿನ್ ರಸ್ತೆಯಂಥ ಕಡೆ ನಿಂತು ಹೊರಡುವ ಚಾಲಕನ ಎಡಗೈಗೆ ಸಿಗುವ ಈ ಆರಾಮ ಯಾವ ಬ್ರೋಷರ್‌ನಲ್ಲೂ ಸರಿಯಾಗಿ ಬರುವುದಿಲ್ಲ.

ದುಡ್ಡಿನ ಲೆಕ್ಕ ಮೊದಲು. ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗುವುದು ಸೇರಿ ಬ್ಯಾಟರಿ ತುಂಬಲು ಮೀಟರ್‌ನಲ್ಲಿ ಸುಮಾರು 8.5 ಯೂನಿಟ್ ಓಡುತ್ತದೆ. ಯೂನಿಟ್‌ಗೆ ₹8 ಎಂದಿಟ್ಟುಕೊಂಡರೆ ₹68ಕ್ಕೆ 80 ಕಿ.ಮೀ., ಅಂದರೆ ಕಿ.ಮೀ.ಗೆ 85 ಪೈಸೆ. ಲೀಟರ್‌ಗೆ 28 ಕಿ.ಮೀ. ಕೊಡುವ ಡೀಸೆಲ್ ಗೂಡ್ಸ್ ಆಟೊಗೆ, ಲೀಟರ್ ₹91ರ ಲೆಕ್ಕದಲ್ಲಿ, ಕಿ.ಮೀ.ಗೆ ₹3.25. ಉಳಿತಾಯ ₹2.40. ದಿನಕ್ಕೆ 70 ಕಿ.ಮೀ., ತಿಂಗಳಿಗೆ 26 ದಿನ ಓಡಿದರೆ ₹4,368 ಕೈಯಲ್ಲಿ ಉಳಿಯುತ್ತದೆ. ಡೀಸೆಲ್ ಗಾಡಿಗಿಂತ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೂ ಎರಡು ವರ್ಷದ ಆಚೀಚೆ ಅದು ವಾಪಸ್. ಆದರೆ ದಿನಕ್ಕೆ 40 ಕಿ.ಮೀ. ಮಾತ್ರ ಓಡುವ ಗಾಡಿಯಾದರೆ ತಿಂಗಳಿಗೆ ₹2,500 ಅಷ್ಟೇ, ವಾಪಸ್ ಬರಲು 40 ತಿಂಗಳು ಬೇಕು. ಕಡಿಮೆ ಓಡುವವರಿಗೆ ಕರೆಂಟ್ ಗಾಡಿ ಒಳ್ಳೆಯದು ಎಂಬ ಮಾತು ಬಾಡಿಗೆ ಗಾಡಿಯ ಮಟ್ಟಿಗೆ ತಲೆಕೆಳಗು. ರೇಂಜ್ ಮೀರದೆ ಎಷ್ಟು ಹೆಚ್ಚು ಓಡಿಸಿದರೆ ಅಷ್ಟು ಲಾಭ.

ಇನ್ನು ಸರ್ಕಾರದ ಪಾಲು. ಈ ಗಾಡಿಯ ಬೆಲೆ ನಿಂತಿರುವುದು ನೀತಿಯ ಮೇಲೆ. ನೀತಿ ಬದಲಾದಾಗೆಲ್ಲ ಲೆಕ್ಕವೂ ಬದಲಾಗಿದೆ. 2019ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿದ್ದ ಕೇಂದ್ರದ ಫೇಮ್–2 ಯೋಜನೆಯಲ್ಲಿ ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ ₹10,000 ಸಬ್ಸಿಡಿ ಇತ್ತು, ಗಾಡಿ ಬೆಲೆಯ ಶೇ 20 ಮೀರದಂತೆ. 2024ರ ಅಕ್ಟೋಬರ್ 1ರಂದು ಬಂದ ಪಿಎಂ ಇ–ಡ್ರೈವ್ ಯೋಜನೆಯಲ್ಲಿ ಅದು ₹5,000ಕ್ಕೆ ಇಳಿಯಿತು, ಮುಂದೆ ₹2,500ಕ್ಕೆ. ಟ್ರಿಯೊ ಜೋರ್‌ಗೆ ಅನ್ವಯಿಸಿದರೆ ಮೊದಲು ₹36,850, ಆಮೇಲೆ ₹18,425. ಒಂದು ಗಾಡಿಗೆ ಮಿತಿ ₹50,000, ನಂತರ ₹25,000. ಹಾಗಾಗಿ 10 ಯೂನಿಟ್‌ಗಿಂತ ದೊಡ್ಡ ಬ್ಯಾಟರಿಯ ಗಾಡಿಗೆ ಮೇಲಿನ ಸಾಮರ್ಥ್ಯಕ್ಕೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. ಹತ್ತು ಯೂನಿಟ್ ದಾಟಿದ ಬ್ಯಾಟರಿಯ ಇನ್ನೊಂದು ಕರೆಂಟ್ ಗೂಡ್ಸ್ ಆಟೊ ಯೂಲರ್ ಹೈಲೋಡ್ ಕೊಂಡವರಿಗೆ ಆದದ್ದು ಇದೇ ನಷ್ಟ. ದೂರ ಓಡುವ, ಹೆಚ್ಚು ಹೊರುವ ಗಾಡಿಗೇ ಹೆಚ್ಚು ನೆರವು ಬೇಕಿತ್ತು ಎನ್ನುವುದು ನಮ್ಮ ತಕರಾರು.

ಮೂರು ಚಕ್ರದ ಗಾಡಿಗಳ ಸಬ್ಸಿಡಿಗೆ ಗೊತ್ತುಪಡಿಸಿದ್ದ ಕೊನೆಯ ದಿನ 2026ರ ಮಾರ್ಚ್ 31. ನಿಗದಿ ಮಾಡಿದ ಹಣ ಅದಕ್ಕೂ ಮೊದಲೇ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ ಎಂಬ ಷರತ್ತೂ ಇತ್ತು. ಆದ್ದರಿಂದ ಹಳೆಯ ಕೊಟೇಶನ್ ಹಿಡಿದುಕೊಂಡು ಲೆಕ್ಕ ಹಾಕಬೇಡಿ. ಈ ಯೋಜನೆಯ ಸಬ್ಸಿಡಿ ನಿಜವಾಗಿ ದಾಖಲಾಗಿದ್ದರೆ ಅದಕ್ಕೆ ಗುರುತು ಇ–ವೋಚರ್: ಆಧಾರ್ ಕೆವೈಸಿ ಆದಮೇಲೆ ಮೊಬೈಲ್‌ಗೆ ಬರುತ್ತಿತ್ತು, ಕೊಂಡವರೂ ಡೀಲರೂ ಸಹಿ ಹಾಕಿ ಪೋರ್ಟಲ್‌ಗೆ ಏರಿಸಬೇಕಿತ್ತು, ಜೊತೆಗೊಂದು ಸೆಲ್ಫಿ. ಅದಿಲ್ಲದೆ ‘ಸಬ್ಸಿಡಿ ಕಳೆದ ಬೆಲೆ’ ಎಂದು ಬಾಯಲ್ಲಿ ಹೇಳಿದರೆ ಅದು ಡೀಲರ್ ಕೊಟ್ಟ ಡಿಸ್ಕೌಂಟ್ ಅಷ್ಟೇ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬಿದ್ದಿದೆ. 2025ರ ಸೆಪ್ಟೆಂಬರ್ 22ರಿಂದ ಡೀಸೆಲ್, ಸಿಎನ್‌ಜಿ ಸರಕು ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಕರೆಂಟ್ ಗಾಡಿಗೆ ಮೊದಲಿನಂತೆ ಶೇ 5. ಮೂರು ಲಕ್ಷ ಮೂಲ ಬೆಲೆಗೆ ಹಿಂದೆ ತೆರಿಗೆಯ ಅಂತರ ₹69,000 ಇದ್ದದ್ದು ಈಗ ₹39,000. ಸಬ್ಸಿಡಿ ಕರಗುತ್ತಿದ್ದ ಹೊತ್ತಿಗೇ ₹30,000 ಇಲ್ಲೂ ಹೋಯಿತು. ಡೀಸೆಲ್ ಗಾಡಿ ಕೊಳ್ಳುವವರಿಗೆ ಇದು ಸಂತೋಷದ ಸುದ್ದಿ, ನಿಜ. ಆದರೆ ಹೊಗೆ ಬಿಡದ ಗಾಡಿಗಳತ್ತ ಜನರನ್ನು ತಿರುಗಿಸಬೇಕೆಂಬ ಸರ್ಕಾರವೇ ಅವೆರಡರ ಅಂತರವನ್ನು ಕಿರಿದು ಮಾಡಿತು.

ಕೈಗೆ ಉಳಿದಿರುವ ಅನುಕೂಲಗಳು ಸಣ್ಣವಾದರೂ ಗಟ್ಟಿ. 2018ರ ಕೇಂದ್ರ ಅಧಿಸೂಚನೆಯಿಂದ ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡ. 2021ರ ಆಗಸ್ಟ್‌ನಿಂದ ನೋಂದಣಿ ಶುಲ್ಕವಿಲ್ಲ. ಥರ್ಡ್ ಪಾರ್ಟಿ ವಿಮೆಯಲ್ಲಿ 2022ರ ಆದೇಶದಂತೆ ಶೇ 15 ರಿಯಾಯಿತಿ. ಕೊಟೇಶನ್‌ನಲ್ಲಿ ಈ ಸಾಲುಗಳನ್ನು ಬೆರಳಿಟ್ಟು ನೋಡಿ. ‘ಆರ್‌ಟಿಒ ಖರ್ಚು’ ಎಂದು ಒಂದೇ ಮೊತ್ತ ಬರೆದಿದ್ದರೆ ಬಿಡಿಸಿ ಬರೆಸಿ. ನಂಬರ್ ಪ್ಲೇಟ್ ಹಸಿರು ಹಿನ್ನೆಲೆಯಲ್ಲಿ ಹಳದಿ ಅಕ್ಷರದ್ದಾಗಿರಬೇಕು, ಬಿಳಿ ಅಕ್ಷರವಿದ್ದರೆ ಅದು ಸ್ವಂತ ಬಳಕೆಯ ಗಾಡಿಯದು.

ಈ ಗಾಡಿಯ ನಿಜವಾದ ಪರೀಕ್ಷೆ ಪ್ಲಗ್ ಪಾಯಿಂಟ್‌ನಲ್ಲಿ. ಪೂರ್ತಿ ಚಾರ್ಜ್‌ಗೆ 3 ಗಂಟೆ 50 ನಿಮಿಷ. ಎಳೆಯುವುದು ಸುಮಾರು 2.2 ಕಿಲೋವಾಟ್, ಅಂದರೆ 10 ಆಂಪಿಯರ್ ಸತತವಾಗಿ ನಾಲ್ಕು ಗಂಟೆ. ಗೀಸರ್ ಹತ್ತು ನಿಮಿಷ ಎಳೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಸಡಿಲ ಸಾಕೆಟ್‌ನಲ್ಲಿ ಪಿನ್ ಕಾದು, ಪ್ಲಾಸ್ಟಿಕ್ ಕರಗಿ, ಒಂದು ದಿನ ಬೆಳಿಗ್ಗೆ ಗಾಡಿ ಅರ್ಧ ಚಾರ್ಜ್‌ನಲ್ಲಿ ನಿಂತಿರುತ್ತದೆ. ಬೇಕಾದದ್ದು ಇಷ್ಟು: 16 ಆಂಪಿಯರ್‌ನ ಒಳ್ಳೆಯ ಸಾಕೆಟ್, ಮೀಟರ್ ಬೋರ್ಡ್‌ನಿಂದ ನೇರ ಬೇರೆಯೇ ಲೈನ್, 15 ಮೀಟರ್ ಒಳಗಿದ್ದರೆ 2.5 ಚದರ ಮಿ.ಮೀ. ತಾಮ್ರದ ವೈರ್, ದೂರವಿದ್ದರೆ 4. ಜೊತೆಗೆ ಲೋಡ್ ಮೀರಿದರೆ ಲೈನ್ ಕಟ್ ಮಾಡುವ 20 ಆಂಪಿಯರ್ ಎಂಸಿಬಿ, 30 ಮಿಲಿ ಆಂಪಿಯರ್ ಸೋರಿಕೆಗೆ ಟ್ರಿಪ್ ಆಗುವ ಆರ್‌ಸಿಸಿಬಿ, ನಿಜವಾದ ಅರ್ಥ್ ಪಿಟ್. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ 5 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೊದಲು ಅದನ್ನು ಸರಿಮಾಡಿಸಿ. ಹಳೆಯ ಗೋದಾಮುಗಳಲ್ಲಿ ಅರ್ಥಿಂಗ್ ಒಣಗಿ ಹೋಗಿರುವುದೇ ಹೆಚ್ಚು, ‘ಚಾರ್ಜರ್ ಕೆಟ್ಟಿದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ತೆಳು ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಮಾತ್ರ ಬೇಡವೇ ಬೇಡ. 1 ಚದರ ಮಿ.ಮೀ. ವೈರ್ 30 ಮೀಟರ್ ಎಳೆದರೆ 11 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ, ಸುರುಳಿ ಸುತ್ತಿಟ್ಟ ಕಡೆ ಕಾಯುತ್ತದೆ.

ಮನೆ ಮೀಟರ್‌ಗೆ ಹಾಕುವವರು ಗೃಹಜ್ಯೋತಿಯನ್ನು ಮರೆಯಬಾರದು. ದಿನಕ್ಕೆ 8.5 ಯೂನಿಟ್‌ನಂತೆ 26 ದಿನಕ್ಕೆ 221 ಯೂನಿಟ್. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಬರೀ ಹೆಚ್ಚುವರಿಯದ್ದಲ್ಲ. ಅಂದರೆ ಗಾಡಿಯ ಕರೆಂಟ್ ಜೊತೆ ಮನೆಯ ಫ್ಯಾನು, ದೀಪದ ಕರೆಂಟೂ ಗಾಡಿಯ ಖರ್ಚಿಗೇ ಸೇರುತ್ತದೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ದರಪಟ್ಟಿಯಲ್ಲಿ ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ವರ್ಗವಿದೆ. ಮೂರು ಗಾಡಿಗಿಂತ ಹೆಚ್ಚಿದ್ದರೆ ಈ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಆ ವರ್ಗದ ಬೇರೆ ಮೀಟರ್‌ಗೆ ಅರ್ಜಿ ಹಾಕುವುದೇ ಸರಿ.

ಆರು ಗಾಡಿ ಇಟ್ಟುಕೊಂಡ ಹೋಲ್‌ಸೇಲ್ ಅಂಗಡಿಗೆ ಆರು ಪಾಯಿಂಟ್ ಬೇಕೆಂದೇನಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 5ರ ತನಕ ಎಂಟು ಗಂಟೆ ಸಿಗುತ್ತದೆ, ಒಂದು ಗಾಡಿಗೆ ನಾಲ್ಕು ಗಂಟೆಯೂ ಬೇಡ. ಮೂರು ಪಾಯಿಂಟ್‌ನಲ್ಲಿ ಎರಡು ಸರದಿ. ಒಟ್ಟಿಗೆ ಹಾಕಿದರೆ 13.2 ಕಿಲೋವಾಟ್, ಸರದಿಯಲ್ಲಿ 6.6. ಮಂಜೂರಾದ ಲೋಡ್ ಹೆಚ್ಚಿಸುವ ಖರ್ಚು, ತಿಂಗಳ ನಿಗದಿತ ಶುಲ್ಕ ಎರಡೂ ಅರ್ಧಕ್ಕೆ ಇಳಿಯುತ್ತವೆ. ನಡುರಾತ್ರಿ ಎದ್ದು ಪ್ಲಗ್ ಬದಲಿಸುವ ವಾಚ್‌ಮನ್ ಇಲ್ಲದಿದ್ದರೆ ಟೈಮರ್, ಅದು ಹೇಳಿದ ಹೊತ್ತಿಗೆ ಲೈನ್ ಬದಲಿಸುವ ಕಾಂಟ್ಯಾಕ್ಟರ್ ಹಾಕಿಸಿದ ಬೋರ್ಡ್ ಸಾಕು, ಊರಿನ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.

ಲೋಡ್ ವಿಷಯದಲ್ಲಿ ಮುಲಾಜು ಬೇಡ. 550 ಕೆ.ಜಿ. ಅಂದರೆ 25 ಕೆ.ಜಿ.ಯ 22 ಅಕ್ಕಿ ಮೂಟೆ. ಮದ್ದೂರಿನ ಎಳನೀರು ತುಂಬುವವರು ಕಾಯಿಗೆ ಒಂದೂಮುಕ್ಕಾಲು ಕೆ.ಜಿ. ಹಿಡಿದರೂ 310 ಕಾಯಿಗೆ ಮುಗಿಯಿತು. ಡೀಸೆಲ್ ಆಟೊ ಮೇಲೆ 900 ಕೆ.ಜಿ. ಹೇರಿ ಮೊದಲ ಗೇರ್‌ನಲ್ಲಿ ಎಳೆಯುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಏರಿನಲ್ಲಿ ಮೋಟರ್, ಕಂಟ್ರೋಲರ್ ಕಾದು ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತವೆ, ಗಾಡಿ ತೆವಳುತ್ತದೆ. ಇದು ಕೆಟ್ಟದ್ದಲ್ಲ, ಕಾಪಾಡಿಕೊಳ್ಳುವ ವಿಧಾನ. ಹತ್ತು ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆ. ಆದರೆ ದಿನವೂ ಹೀಗಾದರೆ ರೇಂಜೂ ಟೈರೂ ಎರಡೂ ಬೇಗ ಮುಗಿಯುತ್ತವೆ.

ಚಾಮುಂಡಿ ಬೆಟ್ಟಕ್ಕೆ ಹೂವು, ತೆಂಗಿನಕಾಯಿ ಸಾಗಿಸುವವರಿಗೊಂದು ಲೆಕ್ಕ: ಊರಿನ ಮಟ್ಟದಿಂದ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರ. ಗಾಡಿ, ಸರಕು ಸೇರಿ ಒಂದು ಟನ್ ಏರಲು ಎತ್ತರಕ್ಕೇ ಸುಮಾರು 1 ಯೂನಿಟ್ ಹೆಚ್ಚುವರಿ ಬೇಕು, ಬ್ಯಾಟರಿಯ ಏಳನೇ ಒಂದು ಪಾಲು. ಇಳಿಯುವಾಗ ರೀಜನ್‌ನಿಂದ, ಅಂದರೆ ಚಕ್ರ ತಿರುಗಿಸಿದ ಮೋಟರ್ ಕರೆಂಟ್ ಹುಟ್ಟಿಸುವುದರಿಂದ, ಒಂದಿಷ್ಟು ವಾಪಸ್ ಬರುತ್ತದೆ. ಆದರೆ ಬೆಟ್ಟದ ಮೇಲೆಯೇ ಪೂರ್ತಿ ಚಾರ್ಜ್ ಮಾಡಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಕರೆಂಟ್ ಹಿಡಿಯಲು ಜಾಗವಿರುವುದಿಲ್ಲ, ರೀಜನ್ ಕೆಲಸ ಮಾಡದೆ ಭಾರವೆಲ್ಲ ಡ್ರಮ್ ಬ್ರೇಕ್ ಮೇಲೆ ಬೀಳುತ್ತದೆ.

ಮಂಡ್ಯದ ಕಥೆ ಬೇರೆ. ಮೈಸೂರಿಗೆ 45 ಕಿ.ಮೀ., ಹೋಗಿಬರಲು 90. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಮೂರು ಚಕ್ರದ ಗಾಡಿಗಳಿಗೆ ಪ್ರವೇಶವಿಲ್ಲ, ಕರೆಂಟಿನದಕ್ಕೂ ರಿಯಾಯಿತಿಯಿಲ್ಲ. ಸರ್ವಿಸ್ ರಸ್ತೆಯಲ್ಲಿ ಹಂಪು, ತಿರುವು, ಊರೊಳಗಿನ ದಟ್ಟಣೆ ಹಾದು ಹೋಗಬೇಕು. ಮೈಸೂರಿನಲ್ಲಿ ಇಳಿಸುವ ಕಡೆ ಎರಡು ಗಂಟೆ ಪ್ಲಗ್ ಸಿಕ್ಕರೆ ಮಾತ್ರ ಈ ಟ್ರಿಪ್ ಆಗುತ್ತದೆ. ಮಂಡ್ಯ–ಮದ್ದೂರು, ಮಂಡ್ಯ–ಶ್ರೀರಂಗಪಟ್ಟಣ ಓಡಾಟಕ್ಕಾದರೆ ತೊಂದರೆಯಿಲ್ಲ.

ದಿನವೂ ಈ 90 ಕಿ.ಮೀ. ಮಾಡಬೇಕಾದವರು ನಾಲ್ಕು ಚಕ್ರಕ್ಕೆ ಹೋಗಬೇಕು. 2025ರ ಜೂನ್‌ನಲ್ಲಿ ಬಂದ ಟಾಟಾ ಏಸ್ ಪ್ರೊ ಇವಿ 14.4 ಯೂನಿಟ್ ಬ್ಯಾಟರಿಯದು, 750 ಕೆ.ಜಿ. ಹೊರುತ್ತದೆ, ಕಾಗದದ ಮೇಲಿನ ರೇಂಜ್ 155 ಕಿ.ಮೀ., ಬಿಡುಗಡೆಯ ಹೊತ್ತಿನ ಶೋರೂಂ ಬೆಲೆ ₹6.50 ಲಕ್ಷ. ಎಕ್ಸ್‌ಪ್ರೆಸ್‌ವೇಗೂ ಹತ್ತಬಹುದು. ಆದರೆ ಪಿಎಂ ಇ–ಡ್ರೈವ್‌ನಲ್ಲಿ ಈ ವರ್ಗಕ್ಕೆ ಜಾಗವೇ ಇಲ್ಲ! ಕೆಳಗೆ ಮೂರು ಚಕ್ರದ ಗಾಡಿಗಳಿಗೆ ಇತ್ತು. ಮೇಲೆ 3.5 ಟನ್ ದಾಟಿದ ಟ್ರಕ್‌ಗಳಿಗೆ ₹500 ಕೋಟಿ ತೆಗೆದಿಟ್ಟು, ಹಳೆಯ ಲಾರಿ ಗುಜರಿಗೆ ಹಾಕಿದ ಪ್ರಮಾಣಪತ್ರ ತಂದರೆ ಒಂದಕ್ಕೆ ₹9.6 ಲಕ್ಷದವರೆಗೆ ಕೊಡುತ್ತಾರೆ. ಬೆಲ್ಲ, ತರಕಾರಿ, ಹಾಲಿನ ಕ್ಯಾನ್ ಹೊರುವ ನಡುವಿನ ಪಿಕಪ್ ಮಾತ್ರ ಕೈತಪ್ಪಿದೆ, ಮಂಡ್ಯ ಜಿಲ್ಲೆಗೆ ಹೆಚ್ಚು ಬೇಕಾಗಿರುವುದು ಅದೇ.

ದೆಹಲಿ ಬೇರೆ ದಾರಿ ಹಿಡಿದಿದೆ. ಅಲ್ಲಿನ 2023ರ ಯೋಜನೆಯಂತೆ 25 ಅಥವಾ ಹೆಚ್ಚು ಗಾಡಿಗಳಿರುವ ಡೆಲಿವರಿ ಕಂಪನಿಗಳು 2030ರ ಏಪ್ರಿಲ್ 1ರ ಹೊತ್ತಿಗೆ ಪೂರ್ತಿ ಕರೆಂಟ್‌ಗೆ ಬದಲಾಗಬೇಕು. 2017ರಲ್ಲೇ ದೇಶದಲ್ಲಿ ಮೊದಲು ಇವಿ ನೀತಿ ತಂದದ್ದು ಕರ್ನಾಟಕ. ಮೈಸೂರಿನಂಥ ಊರಿಗೆ ಕಡ್ಡಾಯಕ್ಕಿಂತ ಮೊದಲು ಬೇಕಾಗಿರುವುದು ಬಂಡೀಪಾಳ್ಯ ಯಾರ್ಡ್‌ನೊಳಗೆ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೋಡಿಂಗ್ ಜಾಗದ ಪಕ್ಕದಲ್ಲೇ ಸಾಲಾಗಿ 16 ಆಂಪಿಯರ್ ಸಾಕೆಟ್‌ಗಳು. ಈ ಗಾಡಿಗೆ ದುಬಾರಿ ಫಾಸ್ಟ್ ಚಾರ್ಜರ್ ಬೇಕಿಲ್ಲ.

ನಿರ್ವಹಣೆ ಹಗುರ: ಎಂಜಿನ್ ಆಯಿಲ್ ಇಲ್ಲ, ಫಿಲ್ಟರ್ ಇಲ್ಲ. ಉಳಿಯುವುದು ಬ್ರೇಕ್ ಶೂ, ಡಿಫರೆನ್ಶಿಯಲ್ ಆಯಿಲ್, ಗ್ರೀಸ್, ಟೈರ್. ಒಮ್ಮೆಗೇ ಎಳೆತ ಸಿಗುವುದರಿಂದ ಹಿಂದಿನ ಟೈರ್ ಬೇಗ ಸವೆಯುತ್ತದೆ, ಗಾಳಿ ವಾರಕ್ಕೊಮ್ಮೆ ನೋಡಿ. ಮುಖ್ಯ ಬ್ಯಾಟರಿ ತುಂಬಿದ್ದೂ ಗಾಡಿ ಎಚ್ಚರವಾಗದಿದ್ದರೆ ಟೋಯಿಂಗ್‌ಗೆ ಕರೆಯುವ ಮುನ್ನ 12 ವೋಲ್ಟ್ ಸಪ್ಲೈ ಅಳೆಯಿರಿ. ಏಪ್ರಿಲ್ ಬಿಸಿಲಿನಲ್ಲಿ ಓಡಿ ಬಂದ ಗಾಡಿಗೆ ತಕ್ಷಣ ಪ್ಲಗ್ ಹಾಕದೆ ಅರ್ಧ ಗಂಟೆ ನೆರಳಲ್ಲಿ ಬಿಡಿ. ದಿನವೂ ಅರೆಬರೆ ಚಾರ್ಜ್‌ನಲ್ಲೇ ಓಡಿಸುವವರು ವಾರಕ್ಕೊಮ್ಮೆ ತಾನಾಗಿ ಕಟ್ ಆಗುವವರೆಗೆ ಬಿಡಬೇಕು. ಇಲ್ಲದಿದ್ದರೆ ಸೆಲ್‌ಗಳ ನಡುವೆ ಏರುಪೇರಾಗಿ ಮೀಟರ್ ಶೇ 25 ತೋರಿಸುತ್ತಿದ್ದಂತೆಯೇ ಗಾಡಿ ನಿಲ್ಲಬಹುದು.

ಸಾಲದ ಕಾಗದ ನೋಡುವಾಗ ಕಂತಿನ ಅವಧಿ ಬ್ಯಾಟರಿ ವಾರಂಟಿಗಿಂತ ಉದ್ದವಾಗದಿರಲಿ. ವಾರಂಟಿ ವರ್ಷದ ಲೆಕ್ಕ, ಕಿ.ಮೀ. ಲೆಕ್ಕ ಎರಡರಲ್ಲಿ ಯಾವುದು ಮೊದಲೋ ಅದಕ್ಕೆ ಮುಗಿಯುತ್ತದೆ. ದಿನಕ್ಕೆ 70 ಕಿ.ಮೀ. ಓಡಿದರೆ ವರ್ಷಕ್ಕೆ ಸುಮಾರು 22,000. ಆ ಅಂಕಿಯನ್ನು ವಾರಂಟಿ ಕಾರ್ಡ್ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಭಾಗಿಸಿ ನೋಡಿದ ಮೇಲೆ ಸಹಿ ಹಾಕಿ.