ಯೊಸೆಮಿಟಿ ಕಣಿವೆಯ ಉಚಿತ ಬಸ್ಸು: ಕಾರು ನಿಲ್ಲಿಸಿ ನಡೆಯುವವರಿಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆ ತಾಯಿಯರನ್ನು ಕರೆದುಕೊಂಡು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಾಗಲೆಲ್ಲ ನಾನು ಹೇಳುವುದು ಒಂದೇ ಮಾತು: ಬೆಳಿಗ್ಗೆ ಬೇಗ ತಲುಪಿ, ಕಾರನ್ನು ಒಂದು ಕಡೆ ನಿಲ್ಲಿಸಿ, ಸಂಜೆಯವರೆಗೆ ಅದನ್ನು ಮುಟ್ಟಬೇಡಿ. ಕಣಿವೆಯೊಳಗಿನ ಉಚಿತ ಶಟಲ್ ಬಸ್ಸು ಅಷ್ಟು ನೆಚ್ಚಬಹುದಾದ ಸೇವೆ.

ಕಣಿವೆಯ ರಸ್ತೆಗಳು ಬಹುಪಾಲು ಏಕಮುಖ. ದಕ್ಷಿಣದ ರಸ್ತೆ ಒಳಕ್ಕೆ ಒಯ್ದರೆ ಉತ್ತರದ್ದು ಹೊರಕ್ಕೆ ತರುತ್ತದೆ. ಆದ್ದರಿಂದ ಇಳಿಯಬೇಕಾದ ಜಾಗವೊಂದನ್ನು ದಾಟಿ ಮುಂದೆ ಹೋದ ಕಾರಿನವರು ದೊಡ್ಡ ಸುತ್ತು ಹಾಕಿ ಬಂದರೂ ಬೇಸಿಗೆಯ ವಾರಾಂತ್ಯದಲ್ಲಿ ಅಲ್ಲಿ ನಿಲ್ಲಿಸಲು ಜಾಗ ಸಿಗುವ ಭರವಸೆಯಿಲ್ಲ. ಬಸ್ಸಿನವರಿಗೆ ಈ ಚಿಂತೆಯಿಲ್ಲ. ನೇರಳೆ ಮಾರ್ಗ ಕಣಿವೆಯ ಪೂರ್ವ ಭಾಗದಲ್ಲಷ್ಟೇ ಸುತ್ತುತ್ತದೆ, ಹಸಿರು ಮಾರ್ಗ ಪಶ್ಚಿಮದ ಬೃಹತ್ ಬಂಡೆ ಎಲ್ ಕ್ಯಾಪಿಟನ್‌ವರೆಗೂ ಹೋಗುತ್ತದೆ.

ನಡೆಯುವವರಿಗೆ ಅತ್ಯಂತ ಉಪಯುಕ್ತವಾದದ್ದು 16ನೆಯ ನಿಲ್ದಾಣವಾದ ಹ್ಯಾಪಿ ಐಲ್ಸ್. ಮಿಸ್ಟ್ ಟ್ರೇಲ್ ಎಂಬ ಕಾಲುದಾರಿ ಆರಂಭವಾಗುವುದು ಇಲ್ಲಿಂದಲೇ. ವರ್ನಲ್ ಜಲಪಾತ ಕಾಣುವ ಕಾಲುಸೇತುವೆಗೆ ಒಂದೂಕಾಲು ಕಿಲೋಮೀಟರಿನಷ್ಟು ದೂರ. ಏರು ಕಡಿದಾಗಿದ್ದರೂ, ನಡೆದು ರೂಢಿಯಿರುವ ಹಿರಿಯರು ಅಲ್ಲಲ್ಲಿ ಕುಳಿತು ಹತ್ತಬಹುದು. ಅದರಾಚೆಗಿನ 600ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳು ವಸಂತದಲ್ಲಿ ಜಲಪಾತದ ತುಂತುರಿನಿಂದ ಸದಾ ಒದ್ದೆಯಾಗಿರುತ್ತವೆ. ಅವನ್ನು ಮಂಡಿನೋವಿರುವವರಿಗೆ ನಾನು ಖಂಡಿತ ಹೇಳುವುದಿಲ್ಲ. ಅವರಿಗೆ ಯೊಸೆಮಿಟಿ ಜಲಪಾತದ ಬುಡದ ಸಮತಟ್ಟಾದ ದಾರಿಯೇ ಸರಿ. ಆದರೆ 739 ಮೀಟರ್ ಎತ್ತರದ ಆ ಜಲಪಾತ ಆಗಸ್ಟ್ ಹೊತ್ತಿಗೆ ಬಹುತೇಕ ಬತ್ತಿರುತ್ತದೆಯಾದ್ದರಿಂದ ಮೇ ತಿಂಗಳಲ್ಲೇ ಹೋಗುವುದು ಒಳ್ಳೆಯದು.

ಹಸಿರು ಬಸ್ಸಿನಲ್ಲಿ ಎಲ್ ಕ್ಯಾಪಿಟನ್‌ವರೆಗೆ ಹೋಗಿ ಇಳಿಯಲೇಬೇಕು. ಸುಮಾರು 900 ಮೀಟರ್ ನೆಟ್ಟಗೆ ನಿಂತ ಆ ಗ್ರಾನೈಟ್ ಗೋಡೆಯ ‘ನೋಸ್’ (ಮೂಗು) ಎಂಬ ಏಣನ್ನು 1958ರಲ್ಲಿ ವಾರನ್ ಹಾರ್ಡಿಂಗ್ ಮತ್ತು ಸಂಗಡಿಗರು ಮೊದಲು ಹತ್ತಿದರು. 2017ರಲ್ಲಿ ಅಲೆಕ್ಸ್ ಹಾನಲ್ಡ್ ಅದೇ ಗೋಡೆಯ ಫ್ರೀರೈಡರ್ ಮಾರ್ಗವನ್ನು ಹಗ್ಗವಿಲ್ಲದೆ ಏರಿದರು. ಹುಲ್ಲುಗಾವಲಿನಲ್ಲಿ ಕುಳಿತು ದುರ್ಬೀನಿನಲ್ಲಿ ಹುಡುಕಿದರೆ ಚುಕ್ಕೆಯಷ್ಟೇ ಕಾಣುವ ಮನುಷ್ಯನೊಬ್ಬ ಬಂಡೆಯಲ್ಲಿ ಅಂಗುಲ ಅಂಗುಲವಾಗಿ ಮೇಲೇರುತ್ತಿರುವುದು ಕಾಣುತ್ತದೆ. ಅದನ್ನು ನೋಡುತ್ತಾ ಒಂದು ಬಸ್ಸನ್ನು ಬಿಟ್ಟರೂ ನಷ್ಟವಿಲ್ಲ.

ಕೊರತೆಗಳೂ ಇವೆ. ನೋಟದ ತಾಣಗಳಾದ ಟನಲ್ ವ್ಯೂ ಮತ್ತು ಗ್ಲೇಸಿಯರ್ ಪಾಯಿಂಟ್‌ಗೆ ಈ ಬಸ್ಸು ಹೋಗುವುದಿಲ್ಲ. ಅವನ್ನು ಬರುವಾಗಲೋ ಹಿಂತಿರುಗುವಾಗಲೋ ಕಾರಿನಲ್ಲೇ ನೋಡಬೇಕು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಹಿರಿಯರು ನಿಂತೇ ಪ್ರಯಾಣಿಸಬೇಕಾಗಬಹುದು. ಬಸ್ಸು ಶುರುವಾಗುವುದೇ ಬೆಳಿಗ್ಗೆ 7ಕ್ಕೆ. ಹಾಗಾಗಿ ಬಂಡೆಶಿಖರವಾದ ಹಾಫ್ ಡೋಮ್‌ಗೆ ಪರವಾನಗಿ ಪಡೆದು ನಸುಕಿನಲ್ಲೇ ಹೊರಡುವವರು ಇದನ್ನು ನಂಬದೆ, ಹ್ಯಾಪಿ ಐಲ್ಸ್‌ವರೆಗಿನ ದಾರಿಯನ್ನೂ ತಮ್ಮ ನಡಿಗೆಯ ಲೆಕ್ಕಕ್ಕೆ ಸೇರಿಸಿಕೊಂಡು, ತಲೆದೀಪ ಹೊತ್ತುಕೊಂಡೇ ಹೊರಡಬೇಕು.