ನಾಲ್ಕು ರೂಮಿನ ಹೋಂಸ್ಟೇಗೆ ವಾಟ್ಸಾಪ್ ಬಿಸಿನೆಸ್, ಎರಡು ವರ್ಷ ಬಳಸಿದ ಮೇಲೆ

ಮೂಡಿಗೆರೆ ಕಡೆ ನಮ್ದೊಂದು ಸಣ್ಣ ಹೋಂಸ್ಟೇ, ನಾಲ್ಕೇ ರೂಮು, ಅಡುಗೆ ನಾನು ಮತ್ತೆ ನಮ್ಮತ್ತೆ, ಗೆಸ್ಟ್‌ಗಳಿಗೆ ತೋಟ ಸುತ್ತಿಸೋದು ನಮ್ಮನೆಯವ್ರು. ಎರಡು ವರ್ಷದಿಂದ ಬುಕಿಂಗ್ ಎಲ್ಲಾ ವಾಟ್ಸಾಪ್ ಬಿಸಿನೆಸ್ ಆ್ಯಪಲ್ಲೇ ನೋಡ್ಕೋತಿದೀನಿ. ಹೊಸದಾಗಿ ಶುರು ಮಾಡಿರೋರು ಸುಮಾರು ಜನ ಕೇಳ್ತಾರೆ ಮಾಮೂಲಿ ವಾಟ್ಸಾಪ್ ಸಾಕಲ್ವಾ ಅಂತ, ಅದಕ್ಕೇ ಬರೀತಿದೀನಿ.

ಸಾಕಾಗಲ್ಲ. ಇದೂ ಫ್ರೀನೇ, 2018ರಿಂದ ಇದೆ, ನೋಡೋಕೆ ಮಾಮೂಲಿ ವಾಟ್ಸಾಪ್ ಥರಾನೇ, ಕಲಿಯೋಕೆ ಅರ್ಧ ದಿನ ಸಾಕು.

ನಂಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಕ್ವಿಕ್ ರಿಪ್ಲೈ, ಅಂದ್ರೆ ಮೊದ್ಲೇ ಬರೆದಿಟ್ಕೊಂಡಿರೋ ಉತ್ರ. ಮೊದ್ಲೆಲ್ಲಾ ಶುಕ್ರವಾರ ಸಂಜೆ ಬಂತು ಅಂದ್ರೆ ಕೈಯೆಲ್ಲಾ ಕಡುಬಿನ ಹಿಟ್ಟು, ಆ ಕಡೆ ಫೋನು ಟಣ್ ಟಣ್ ಅಂತಿರೋದು, ರೇಟೆಷ್ಟು ಊಟ ಸೇರಿನಾ ವೆಜ್ ಸಿಗುತ್ತಾ ಕಾರು ಮನೆ ತನಕ ಬರುತ್ತಾ ಜಿಗಣೆ ಇದೆಯಾ, ಹತ್ತು ಜನಕ್ಕೂ ಅದೇ ಉತ್ರ ಟೈಪ್ ಮಾಡ್ಬೇಕಿತ್ತು. ಈಗ ಸ್ಲ್ಯಾಶ್ ಒತ್ತಿ ನಾವೇ ಇಟ್ಕೊಂಡಿರೋ ಹೆಸರು ಹೊಡೆದ್ರೆ ಮುಗೀತು. ದಾರಿದು ಬರೆಯೋಕೆ ಮಾತ್ರ ಒಂದಿನ ತಗೊಂಡೆ, ಗೇಟ್ ಹತ್ರಾನೇ ನಿಂತು ಮ್ಯಾಪಲ್ಲಿ ಪಿನ್ ಹಾಕಿ ಆ ಲಿಂಕ್ ಕೊಟ್ಟು ಕೆಳಗೆ "ಹಾಲಿನ ಡೈರಿ ದಾಟಿದ ಕೂಡ್ಲೇ ಎಡಕ್ಕೆ ಮಣ್ಣು ರೋಡು, ಅಲ್ಲಿಂದ ಮುಂದೆ ನೆಟ್‌ವರ್ಕ್ ಇಲ್ಲ, ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ" ಅಂತ ಸೇರಿಸಿದೆ. ಆಮೇಲೆ ಕತ್ತಲಲ್ಲಿ ಪಕ್ಕದ ತೋಟಕ್ಕೆ ಹೋಗಿ ಸಿಕ್ಕಾಕೊಂಡೋರು ಯಾರೂ ಇಲ್ಲ.

ಕ್ಯಾಟಲಾಗ್ ಅಂದ್ರೆ ನಮ್ಹತ್ರ ಏನೇನಿದೆ ಅಂತ ಫೋಟೋ ಸಮೇತ ತೋರಿಸೋ ಪಟ್ಟಿ, ಅದ್ರಲ್ಲಿ 500 ಐಟಂ ತನಕ ಹಾಕ್ಬೋದು, ನಮ್ದು ಆರೇ ಇದೆ, ಒಂದೊಂದು ರೂಮಿಗೆ ಒಂದೊಂದು, ಆಮೇಲೆ ಊಟ, ದೇವರಮನೆ, ಎತ್ತಿನಭುಜ ಬೆಟ್ಟಗಳ ಕಡೆಗೆ ಜೀಪು. ಬಾತ್‌ರೂಮ್ ಫೋಟೋ ತಪ್ಪದೇ ಹಾಕಿ, ಫ್ಯಾಮಿಲಿ ಜೊತೆ ಬರೋರು ಮೊದ್ಲು ಕೇಳೋದೇ ಅದು.

ಸ್ಟೇಟಸ್ ಶಕ್ತಿ ಗೊತ್ತಾಗಿದ್ದು ಹೋದ್ಸಲ ಕಾಫಿ ಹೂವಿನ ಟೈಮಲ್ಲಿ. ಹೂಮಳೆ ಬಿದ್ದು ಒಂದು ವಾರದ ಮೇಲೆ ಬೆಳಗ್ಗೆ ಎದ್ದು ನೋಡ್ತೀನಿ ತೋಟ ಪೂರ್ತಿ ಬೆಳ್ಳಗೆ, ಮನೆಯೊಳಗೆಲ್ಲಾ ಮಲ್ಲಿಗೆ ಥರದ ಘಮ, ಫೋನಲ್ಲೇ ಇಪ್ಪತ್ತು ಸೆಕೆಂಡ್ ವಿಡಿಯೋ ಮಾಡಿ ಹಾಕಿದೆ. ಆ ಹೂವು ಇರೋದೇ ಮೂರ್ನಾಕು ದಿನ, ಸ್ಟೇಟಸ್ ಇರೋದು 24 ಗಂಟೆ, ಅಷ್ಟರೊಳಗೆ ಹಳೇ ಗೆಸ್ಟ್‌ಗಳೇ ಮೆಸೇಜ್ ಮಾಡಿ ನಾಲ್ಕೂ ರೂಮು ತಗೊಂಡ್ರು, ಅಡ್ವಾನ್ಸ್ ಯುಪಿಐಲಿ ಅಲ್ಲೇ ಬಂತು, ಕಮಿಷನ್ ಅಂತ ಯಾರಿಗೂ ಒಂದ್ರೂಪಾಯಿ ಕೊಡ್ಲಿಲ್ಲ. ಮೊದ್ಲು ಒಂದು ಬುಕಿಂಗ್ ಸೈಟಲ್ಲಿ ಇದ್ವಿ, ಅಲ್ಲಿ ಕಮಿಷನ್ ಕಳೆದು ಕೈಗೆ ಬಂದ ದುಡ್ಡಲ್ಲಿ ಅಡುಗೆ ಖರ್ಚು ಹೋಗಿ ಉಳೀತಿದ್ದು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ಬ್ರಾಡ್‌ಕಾಸ್ಟ್ ಅಂದ್ರೆ ಒಂದೇ ಮೆಸೇಜನ್ನ ಒಂದೇ ಸಲ ತುಂಬಾ ಜನಕ್ಕೆ ಬೇರೆ ಬೇರೆಯಾಗಿ ಕಳಿಸೋದು, ಒಂದು ಲಿಸ್ಟಿಗೆ 256 ಜನ, ಆದ್ರೆ ನಮ್ಮ ನಂಬರ್ ಸೇವ್ ಮಾಡಿರೋರಿಗೆ ಮಾತ್ರ ಹೋಗುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಗೆಸ್ಟ್ ಹೊರಡೋ ಮುಂಚೆ ಜಗಲೀಲಿ ಕಾಫಿ ಕೊಡುವಾಗ್ಲೇ ನಂಬರ್ ಸೇವ್ ಮಾಡ್ಕೊಳ್ಳಿ ಅಂತೀನಿ. ಅದೂ ತಿಂಗಳಿಗೆ ಒಂದೇ ಮೆಸೇಜು, ಜಾಸ್ತಿ ಕಳಿಸಿದ್ರೆ ಬ್ಲಾಕ್ ಮಾಡ್ತಾರೆ.

ಇನ್ನು ಅವೇ (Away) ಮೆಸೇಜ್. ನಾವಿಲ್ಲದಾಗ ತಾನೇ ಉತ್ರ ಕೊಡುತ್ತೆ ನಿಜ, ಆದ್ರೆ ಫೋನಿಗೆ ನೆಟ್ ಇರ್ಬೇಕು. ಜುಲೈ ಆಗಸ್ಟಲ್ಲಿ ಕರೆಂಟ್ ಹೋಗಿ ಟವರ್ರೂ ಹೋಯ್ತು ಅಂದ್ರೆ ನಮ್ಮಂಥೋರಿಗೆ ಅದು ಇದ್ದೂ ಇಲ್ಲ. ಇದಕ್ಕೆ ನಾವು ಕಂಡ್ಕೊಂಡಿರೋ ದಾರಿ ಲಿಂಕ್ಡ್ ಡಿವೈಸ್, ಅಂದ್ರೆ ಇದೇ ಅಕೌಂಟನ್ನ ಬೇರೆ ಡಿವೈಸಲ್ಲೂ ತೆಗೆಯೋದು, ನಾಲ್ಕು ಡಿವೈಸ್ ತನಕ ಸೇರಿಸ್ಬೋದು, ಬೆಂಗಳೂರಲ್ಲಿ ಓದ್ತಿರೋ ಮಗನ ಲ್ಯಾಪ್‌ಟಾಪಿಗೆ ಕೊಟ್ಟಿದೀನಿ, ನಮ್ಮಲ್ಲಿ ನೆಟ್ ಸತ್ತಾಗ ಅವನೇ ಉತ್ರ ಕೊಡ್ತಾನೆ.

ಹೊಸ ಜನ ಮಾತ್ರ ಈ ಆ್ಯಪಿಂದ ಬರಲ್ಲ, ಅದಕ್ಕೆ ಗೂಗಲ್ ಮ್ಯಾಪಲ್ಲಿ ಬಿಸಿನೆಸ್ ಪ್ರೊಫೈಲ್ ಬೇಕೇಬೇಕು, ಅದೂ ಫ್ರೀ. ಮತ್ತೆ ಮನೆ ನಂಬರಲ್ಲಿ ಇದನ್ನ ಶುರು ಮಾಡ್ಬೇಡಿ, ಬೇರೆ ಸಿಮ್ ತಗೊಳ್ಳಿ, ಇಲ್ಲಾಂದ್ರೆ ರಾತ್ರಿ ಹನ್ನೊಂದಕ್ಕೂ ರೂಮ್ ಖಾಲಿ ಇದೆಯಾ ಅಂತ ಫೋನ್ ಬರ್ತಾನೇ ಇರುತ್ತೆ.