“ಫಿಫ್ಟಿ ಸಿಸಿ ಒಳಗೆ ಸಾರ್, ಏನೂ ಬೇಡ” ಅಂದ ಮಾತು ನಂಬಿ ಕೆಟ್ಟೆ

ಬರೆಯಲೋ ಬೇಡವೋ ಅಂತ ಹದಿನೈದು ದಿನ ಯೋಚಿಸಿದೆ. ನಾಚಿಕೆ ಆಗುತ್ತದೆ. ಐವತ್ತು ದಾಟಿದವನು, ಮೂವತ್ತು ವರ್ಷದಿಂದ ಬೈಕ್ ಓಡಿಸುತ್ತಿರುವವನು ಹೀಗೆ ಟೋಪಿ ಹಾಕಿಸಿಕೊಂಡೆ ಅಂದರೆ ಯಾರಾದರೂ ನಗುತ್ತಾರೆ. ನಗಲಿ. ಇನ್ನೊಬ್ಬರು 42,000 ರೂಪಾಯಿ ಕಳೆದುಕೊಳ್ಳದಿದ್ದರೆ ಸಾಕು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಬೆಳಿಗ್ಗೆ ಹಾಲು, ವಾರಕ್ಕೆರಡು ಸಲ ದೇವರಾಜ ಮಾರುಕಟ್ಟೆಯಿಂದ ಸೊಪ್ಪು, ಹೂವು, ಆಗಾಗ ಹಿಟ್ಟಿನ ಗಿರಣಿ. ಇಷ್ಟಕ್ಕೆಲ್ಲ ಬುಲೆಟ್ ಹೊರಡಿಸಿ ಸಾಕಾಗಿತ್ತು. ಮಂಡಿ ನೋವು ಬೇರೆ. “ಸುಮ್ನೆ ಒಂದು ಟಿವಿಎಸ್ ಎಕ್ಸೆಲ್ ತಗೊಳ್ಳಿ” ಅಂದಳು ಹೆಂಡತಿ. ಕೇಳಬೇಕಿತ್ತು. ನನ್ನ ಕಣ್ಣು ಬಿದ್ದದ್ದು ಹೋಂಡಾ ಮಂಕಿಯ ನಕಲು ಗಾಡಿ ಮೇಲೆ.

ಅಸಲಿ ಮಂಕಿ ಅಂದರೆ 1961ರಲ್ಲಿ ಹೋಂಡಾದವರು ಜಪಾನಿನ ಒಂದು ಮನರಂಜನಾ ಪಾರ್ಕಿಗೆ ಮಾಡಿದ 49 ಸಿಸಿ ಗಾಡಿ. ಐದಿಂಚಿನ ಚಕ್ರ. ಆಮೇಲೆ ರಸ್ತೆಗೂ ಬಂತು, ಲೋಕಕ್ಕೆಲ್ಲ ಇಷ್ಟವಾಯಿತು. ಅದೇ 1961ರಲ್ಲಿ ನಮ್ಮ ಮೈಸೂರಿನಲ್ಲಿ ಜಾವಾ ಬೈಕ್ ತಯಾರಾಗಲು ಶುರುವಾಗಿತ್ತು. ಅಂಥ ಊರಿನವನು ಬೈಕ್ ವಿಷಯದಲ್ಲೇ ಮೋಸ ಹೋದೆನಲ್ಲ, ಅದೇ ಉರಿ.

ಮಾರಿದವನ ಹೆಸರು ಹಾಕುವುದಿಲ್ಲ. ರಿಂಗ್ ರೋಡ್ ಕಡೆ ಒಂದು ಗೋಡೌನ್. ಗಾಡಿ ಮಾತ್ರ ನೋಡಲು ಮುದ್ದು. ಕೆಂಪು ಟ್ಯಾಂಕ್, ದುಂಡು ಲೈಟ್, ದಪ್ಪ ಸೀಟು. 49 ಸಿಸಿ ಟೂ ಸ್ಟ್ರೋಕ್, ಗೇರ್ ಇಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕೇಳಬೇಕಾದ್ದನ್ನು ನಾನೂ ಕೇಳಿದೆ.

“ರಿಜಿಸ್ಟ್ರೇಷನ್?”

“ಬೇಡ ಸಾರ್. ಫಿಫ್ಟಿ ಸಿಸಿ ಒಳಗೆ ಅಲ್ವಾ, ಆರ್‌ಟಿಓಗೆ ಬರಲ್ಲ.”

“ಇನ್ಶೂರೆನ್ಸ್?”

“ರಿಜಿಸ್ಟ್ರೇಷನ್ನೇ ಬೇಡ ಅಂದ್ಮೇಲೆ ಇನ್ಶೂರೆನ್ಸ್ ಯಾಕ್ ಸಾರ್? ಆರಾಮಾಗಿ ಮಾರ್ಕೆಟ್‌ಗೆ ಹೋಗ್ಬನ್ನಿ.”

ಎಷ್ಟು ಸಲೀಸಾಗಿ ಅಂದ! ಚಿಕ್ಕ ಎಲೆಕ್ಟ್ರಿಕ್ ಗಾಡಿಗೆ ನಂಬರ್ ಪ್ಲೇಟ್ ಬೇಡ ಅಂತ ಎಲ್ಲೋ ಕೇಳಿದ್ದೆ. ಇದೂ ಹಾಗೇ ಇರಬೇಕು ಅಂದುಕೊಂಡೆ. ಶೋರೂಮಿನಲ್ಲಾದರೆ ಫಾರಂ 20, 21, 22 ಅಂತ, ಅಂದರೆ ನೋಂದಣಿ ಅರ್ಜಿ, ಮಾರಾಟ ಪತ್ರ, ರಸ್ತೆಗೆ ಯೋಗ್ಯ ಅನ್ನುವ ಪತ್ರ, ಕಾಗದದ ಮೇಲೆ ಕಾಗದ. ಇನ್ಶೂರೆನ್ಸ್ ಇಲ್ಲದೆ ಗಾಡಿ ಆಚೆ ಬಿಡುವುದಿಲ್ಲ. ಇಲ್ಲಿ ಒಂದೇ ಒಂದು ಸೈನ್ ಇಲ್ಲ. ಅನುಮಾನ ಬರಬೇಕಿತ್ತು, ನನಗೆ ಅನುಕೂಲ ಅನ್ನಿಸಿತು. 18,000 ಫೋನಿನಲ್ಲಿ ಹಾಕಿ, ಉಳಿದ 24,000 ನಗದು ಕೊಟ್ಟೆ. ಬಿಲ್ ಮಡಚಿ ಕೊಟ್ಟ, ಮಡಚಿದ ಹಾಗೇ ಸೀಟಿನ ಕೆಳಗಿಟ್ಟೆ. ಓದಲಿಲ್ಲ. ಹೌದು, ಓದಲಿಲ್ಲ.

ಗಾಡಿಯ ಗುಣ ಜಾಸ್ತಿ ಹೇಳುವುದಿಲ್ಲ. ಹಂಪ್ ಬಂದರೆ ಹೊಟ್ಟೆ ಉಜ್ಜುತ್ತಿತ್ತು. ಎರಡನೇ ವಾರ ಚೈನ್ ತುಂಡಾಯಿತು. ಎಕ್ಸೆಲ್ ಚೈನೂ ಕೂರಲಿಲ್ಲ, ಸೈಕಲ್ ಚೈನೂ ಕೂರಲಿಲ್ಲ. ಅವನ ಹತ್ತಿರವೇ ಹೋಗಿ 900 ಕೊಟ್ಟು ತಂದೆ.

ಮೊದಲ ಪೆಟ್ಟು ಬಿದ್ದದ್ದು ನಮ್ಮ ಬೀದಿಯಲ್ಲೇ. ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ. ಗಾಡಿ ಸುತ್ತ ಒಂದು ಸುತ್ತು ಬಂದರು. ಟ್ಯಾಂಕ್ ತಟ್ಟಿ “ಪ್ಲಾಸ್ಟಿಕ್ಕು” ಅಂದರು. ಆಮೇಲೆ ಬಗ್ಗಿ, “ಚಾಸಿ ನಂಬರ್ ಎಲ್ಲಪ್ಪ?” ಅಂತ ಕೇಳಿದರು. ಹ್ಯಾಂಡಲ್ ಕೆಳಗೆ, ಕಬ್ಬಿಣದಲ್ಲಿ ನಂಬರ್ ಕೊರೆದಿರಬೇಕಾದ ಜಾಗದಲ್ಲಿ, ಬೆಳ್ಳಿ ಬಣ್ಣದ ಸ್ಟಿಕರ್ ಇತ್ತು. ಉಗುರು ಹಾಕಿದರು. ಹಣೆಯ ಬೊಟ್ಟು ಕಿತ್ತ ಹಾಗೆ ಬಂತು. ಕೆಳಗೆ ಬರೀ ಪೇಂಟ್. ಅವರು ಏನೂ ಅನ್ನಲಿಲ್ಲ. ಸ್ಟಿಕರ್ ನನ್ನ ಅಂಗೈಗೆ ಅಂಟಿಸಿ ಹೋದರು. ಆಗಲೇ ಗಾಡಿ ಮೂಲೆಗೆ ನಿಲ್ಲಿಸಬೇಕಿತ್ತು. ಮಾರನೆಯ ದಿನವೇ ಮಾರುಕಟ್ಟೆಗೆ ತೆಗೆದುಕೊಂಡು ಹೋದೆ. ನನ್ನ ಬುದ್ಧಿಗಿಷ್ಟು.

ವಾಪಸ್ ಬರುವಾಗ ರಾಮಸ್ವಾಮಿ ವೃತ್ತದ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹ್ಯಾಂಡಲ್‌ನಲ್ಲಿ ವೀಳ್ಯದೆಲೆ ಕಟ್ಟು, ಕೊತ್ತಂಬರಿ ನೇತಾಡುತ್ತಿದೆ. ಆರ್‌ಸಿ ಕೇಳಿದರು. “ಫಿಫ್ಟಿ ಸಿಸಿ ಒಳಗೆ ಸಾರ್, ಬೇಡ” ಅಂತ ಅವನ ಮಾತನ್ನೇ ಗಿಳಿ ಹಾಗೆ ಒಪ್ಪಿಸಿದೆ.

“ಬಿಲ್ ಆದ್ರೂ ಇದ್ಯಾ?”

ಕೊಟ್ಟೆ. ಓದಿದರು. ಪಕ್ಕದವರಿಗೆ ತೋರಿಸಿದರು. ಆಮೇಲೆ ನನಗೇ ವಾಪಸ್ ಕೊಟ್ಟು, “ನೀವೇ ಓದಿ ಸಾರ್” ಅಂದರು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಮಕ್ಕಳ ಆಟಿಕೆ ವಾಹನ, ಖಾಸಗಿ ಜಾಗದಲ್ಲಿ ಮಾತ್ರ ಬಳಸಬೇಕು ಅಂತ ಬರೆದಿತ್ತು. ಬೆಲೆ 18,000. ನಗದು ಕೊಟ್ಟ 24,000ದ ಸುಳಿವೇ ಇಲ್ಲ.

ಆಟಿಕೆ. ನಾನು ಹೆಲ್ಮೆಟ್ ಹಾಕಿಕೊಂಡು, ಕೊತ್ತಂಬರಿ ಕಟ್ಟಿಕೊಂಡು, ನಡು ರಸ್ತೆಯಲ್ಲಿ ಮಕ್ಕಳ ಆಟಿಕೆ ಮೇಲೆ ಕೂತಿದ್ದೇನೆ. ಸಿಗ್ನಲ್‌ನಲ್ಲಿ ನಿಂತ ಸಿಟಿ ಬಸ್ಸಿನ ಕಿಟಕಿಗಳೆಲ್ಲ ನನ್ನ ಕಡೆಗೇ. ಗಾಡಿ ಸೀಜ್ ಆಯಿತು. ಸೊಪ್ಪು ಹಿಡಿದುಕೊಂಡು ಆಟೋದಲ್ಲಿ ಮನೆಗೆ ಬಂದೆ. ಪೊಲೀಸರ ಮೇಲೆ ನನಗೆ ಸಿಟ್ಟಿಲ್ಲ, ಅವರು ಅವರ ಕೆಲಸ ಮಾಡಿದರು.

ಸಿಟ್ಟು ಗಾಡಿ ಮಾರಿದವನ ಮೇಲೆ. ಫೋನ್ ಎತ್ತಲಿಲ್ಲ. ಮೆಸೇಜ್ ಹಾಕಿದೆ. ಉತ್ತರ ನೋಡಿ:

“ಮೇನ್ ರೋಡಿಗೆ ಯಾಕ್ ತಂದ್ರಿ ಸಾರ್?”

“ಮಾರ್ಕೆಟ್‌ಗೆ ಹೋಗ್ಬನ್ನಿ ಅಂದವರು ನೀವೇ ಅಲ್ವಾ?”

“ಮಾರ್ಕೆಟ್ ಅಂದೆ ಸಾರ್. ಮೇನ್ ರೋಡ್ ಅನ್ಲಿಲ್ಲ.”

ಇದಕ್ಕೆ ಏನು ಹೇಳುತ್ತೀರಿ? ದೇವರಾಜ ಮಾರುಕಟ್ಟೆಗೆ ಆಕಾಶದಲ್ಲಿ ಹೋಗಬೇಕಿತ್ತಾ? ದುಡ್ಡು ವಾಪಸ್ ಕೇಳಿದೆ. “ಯೂಸ್ ಮಾಡಿದ ಟಾಯ್ ವಾಪಸ್ ತಗೊಳಲ್ಲ” ಅಂದ. ಮಾರುವಾಗ ಬೈಕ್, ವಾಪಸ್ ಕೇಳಿದರೆ ಟಾಯ್! ಬಿಲ್ ಓದದಿದ್ದದ್ದು ನಿಮ್ಮ ತಪ್ಪು ಅಂದ. ಕೊನೆಗೆ ಉಪಕಾರ ಮಾಡುವವನ ಹಾಗೆ ಒಂದು ವಾಯ್ಸ್ ಮೆಸೇಜ್: “ಬಿಡಿಸ್ಕೊಂಡ್ ಬಂದ್ಮೇಲೆ ಬೆಳಿಗ್ಗೆ ಆರರೊಳಗೆ ಓಡ್ಸಿ ಸಾರ್, ಯಾರೂ ಹಿಡಿಯಲ್ಲ.” ನಾಲ್ಕು ಸಲ ಕೇಳಿಸಿಕೊಂಡೆ. ನಾಲ್ಕು ಸಲವೂ ಮೈ ಉರಿಯಿತು.

ಈಗ ಗೊತ್ತಾದ ವಿಷಯ ಕೇಳಿ. 1988ರ ಮೋಟಾರು ವಾಹನ ಕಾಯ್ದೆ ಎರಡು ಚಕ್ರದ ಗಾಡಿಯನ್ನು ತನ್ನ ವ್ಯಾಪ್ತಿಯಿಂದ ಹೊರಗೆ ಬಿಟ್ಟಿರುವುದು 25 ಸಿಸಿವರೆಗೆ ಮಾತ್ರ. 50 ಸಿಸಿ ಅನ್ನುವುದು 16 ತುಂಬಿದ ಮಕ್ಕಳ ಲೈಸೆನ್ಸಿಗೆ ಸಂಬಂಧಿಸಿದ್ದು. ನಂಬರ್ ಪ್ಲೇಟ್ ಬೇಡದ ಎಲೆಕ್ಟ್ರಿಕ್ ಗಾಡಿಗೆ ಮೋಟಾರ್ 250 ವಾಟ್, ವೇಗ ಗಂಟೆಗೆ 25 ಕಿ.ಮೀ. ಒಳಗಿರಬೇಕು. ಇವನು ಮೂರನ್ನೂ ಚಿತ್ರಾನ್ನ ಕಲಸಿದ ಹಾಗೆ ಕಲಸಿ ನನಗೆ ಬಡಿಸಿದ. ಆಮೇಲಾದರೂ ನೋಂದಣಿ ಮಾಡಿಸೋಣ ಅಂದರೆ ಆಗುವುದಿಲ್ಲ. ಸರ್ಕಾರದ ಒಪ್ಪಿಗೆ ಪಡೆದ ಮಾಡೆಲ್ ಅಲ್ಲ, ಹೊಗೆ ಮಿತಿಯ ಬಿಎಸ್6 ನಿಯಮಕ್ಕೆ ತಕ್ಕದ್ದಲ್ಲ, ಚಾಸಿ ನಂಬರ್ ಸ್ಟಿಕರ್. ಇನ್ಶೂರೆನ್ಸ್ ಏಜೆಂಟ್ ಇನ್ನೊಂದು ಮಾತು ಹೇಳಿದರು. ಯಾರಿಗಾದರೂ ಗುದ್ದಿದ್ದರೆ ಪೂರಾ ಪರಿಹಾರ ನನ್ನ ಜೇಬಿಂದಲೇ ಹೋಗುತ್ತಿತ್ತಂತೆ. ಆ ರಾತ್ರಿ ನಿದ್ದೆ ಬರಲಿಲ್ಲ.

ತಗೊಳ್ಳುವವರು ಫಾರಂ 21, 22 ಎಲ್ಲಿ ಅಂತ ಮೊದಲು ಕೇಳಿ. ತಡವರಿಸಿದರೆ ಎದ್ದು ಬನ್ನಿ. ಚಾಸಿ ನಂಬರಿಗೆ ಉಗುರು ಹಾಕಿ ನೋಡಿ. ನಗದು ಕೊಡಬೇಡಿ. ಬಿಲ್ಲನ್ನು ಅಲ್ಲೇ ಬಿಚ್ಚಿ ಓದಿ, ಕನ್ನಡಕ ಮರೆತಿದ್ದರೆ ಮನೆಗೆ ಹೋಗಿ ತನ್ನಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಮುಂದೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗೆ ಅಲ್ಲಿ ಫೀಸಿಲ್ಲ. 24,000ಕ್ಕೆ ಸಾಕ್ಷಿ ಎಲ್ಲಿ ಅಂದರೆ ನನ್ನ ಹತ್ತಿರ ಉತ್ತರವಿಲ್ಲ.

ನಿನ್ನೆ ಅವನ ಸ್ಟೇಟಸ್‌ನಲ್ಲಿ ಅದೇ ಗಾಡಿ, ಹಳದಿ ಬಣ್ಣ. ಹೆಂಡತಿಯ ನಂಬರಿನಿಂದ ಕೇಳಿಸಿದೆ: “ಇದಕ್ಕೆ ರಿಜಿಸ್ಟ್ರೇಷನ್ ಬೇಕಾ?” ಎರಡು ನಿಮಿಷವೂ ಆಗಲಿಲ್ಲ, ಉತ್ತರ ಬಂತು.

“ಏನೂ ಬೇಡ ಮೇಡಂ. ಫಿಫ್ಟಿ ಸಿಸಿ ಒಳಗೆ.”